ಮೈ, ಒಡವೆ, ಎದುರಿಗಿರುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯನ ಮೈಯನ್ನೇ ವಸ್ತುವಾಗಿಟ್ಟುಕೊಂಡು ಆಭರಣ ವಿನ್ಯಾಸ ಮಾಡುವವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೊಳ್ಳಲು ಬಂದವರು ‘ಇದನ್ನು ಹೇಗೆ ಹಾಕಿಕೊಳ್ಳೋದು’ ಎನ್ನುತ್ತಾರೆ. ಕಲಿಯಲು ಬಂದವರು ‘ಎಲ್ಲಿಂದ ಶುರು ಮಾಡೋದು’ ಎನ್ನುತ್ತಾರೆ. ಅವರ ಜೊತೆಗೆ ಸುಮ್ಮನೆ ಬಂದವರು ‘ಒಂದು ಬಳೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ’ ಎಂದು ಕೇಳುತ್ತಾರೆ. ಮೂವರಿಗೂ ಇಲ್ಲಿ ಉತ್ತರವಿದೆ, ಮೂರನೆಯವರಿಗೆ ಸ್ವಲ್ಪ ಜಾಸ್ತಿ.

ಮೈಯನ್ನು ಅನ್ವೇಷಿಸುವ ಆಭರಣ ಎಂದರೆ ನಿಜಕ್ಕೂ ಏನು?

ಅಂಗಡಿಯ ಗಾಜಿನ ಹಿಂದೆ ಸರ ತೊಡಿಸಿಟ್ಟಿರುವ ಮಖಮಲ್ಲಿನ ಕತ್ತನ್ನು ನೋಡಿದ್ದೀರಲ್ಲ. ಅದಕ್ಕೆ ಉಸಿರಿಲ್ಲ, ಬೆವರಿಲ್ಲ, ಯಾರಾದರೂ ಕರೆದರೆ ತಿರುಗಿ ನೋಡುವುದೂ ಇಲ್ಲ. ರೂಢಿಯ ವಿನ್ಯಾಸದ ಬಹುಪಾಲು ಆ ಕತ್ತಿಗಾಗಿಯೇ ನಡೆಯುತ್ತದೆ: ಕಲ್ಲು ಹೇಗೆ ಕೂರಬೇಕು, ಬೆಳಕು ಎಲ್ಲಿ ಬೀಳಬೇಕು. ನಾವು ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ. ಈ ಕತ್ತು ಎಷ್ಟು ಹೊತ್ತು ಎಷ್ಟು ಭಾರ ತಡೆಯುತ್ತದೆ? ಕೈ ಎತ್ತಿದರೆ ಕಡಗ ಎಲ್ಲಿಗೆ ಜಾರುತ್ತದೆ? ಹಾಕಿಕೊಂಡವರ ನಡಿಗೆ ಬದಲಾಗುತ್ತದೆಯೇ? ಎದುರಿಗೆ ನಿಂತವರು ಒಂದು ಹೆಜ್ಜೆ ಹತ್ತಿರ ಬರುತ್ತಾರೋ, ಹಿಂದೆ ಸರಿಯುತ್ತಾರೋ? ಚಿನ್ನ, ಬೆಳ್ಳಿ, ರಬ್ಬರಿನ ಪಕ್ಕದಲ್ಲಿ ಮೈಯೂ ಒಂದು ಸಾಮಗ್ರಿಯಾಗಿ ಕೂರುತ್ತದೆ. ಒಡವೆ ಮುಗಿಯುವುದು ಪಾಲಿಶ್ ಮಾಡಿ ಡಬ್ಬಿಗೆ ಹಾಕಿದಾಗ ಅಲ್ಲ, ಒಬ್ಬರು ಅದನ್ನು ತೊಟ್ಟು ಇನ್ನೊಬ್ಬರು ನೋಡಿದಾಗ.

ಈ ದಾರಿ ಹಿಡಿದವರಲ್ಲಿ ಡಚ್ ದಂಪತಿ ಗೈಸ್ ಬಾಕರ್ ಮತ್ತು ಎಮ್ಮಿ ಫಾನ್ ಲೇರ್ಸುಮ್ ಅವರನ್ನು ಮೊದಲು ಹೇಳಬೇಕು. 1967ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಅವರು ದೊಡ್ಡ ದೊಡ್ಡ ಅಲ್ಯೂಮಿನಿಯಂ ಕೊರಳಪಟ್ಟಿಗಳನ್ನು ರೂಪದರ್ಶಿಗಳಿಗೆ ತೊಡಿಸಿ ತೋರಿಸಿದರು. ಅದೇ ವರ್ಷ ಬಾಕರ್ ಒಲೆಯ ಹೊಗೆ ಹೋಗುವ ಅಲ್ಯೂಮಿನಿಯಂ ಕೊಳವೆಯಿಂದಲೇ ಕಂಠಾಭರಣ ಮಾಡಿದ್ದರು. ಹಾಕಿಕೊಂಡವರಿಗೆ ತಲೆ ಬಗ್ಗಿಸುವುದು ಕಷ್ಟ. ಗದ್ದ ಎತ್ತಿ, ಬೆನ್ನು ನೆಟ್ಟಗೆ ಮಾಡಿಯೇ ನಿಲ್ಲಬೇಕು. ಅಲಂಕಾರ ಮೈಗೆ ಅಪ್ಪಣೆ ಕೊಡಬಲ್ಲದು ಎಂಬುದು ಅಲ್ಲಿ ಬಚ್ಚಿಡದೆ ಕಾಣುತ್ತದೆ.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಬಾಕರ್ ಅವರ 1973ರ ‘ನೆರಳು ಆಭರಣ’. ತೆಳ್ಳನೆಯ ಚಿನ್ನದ ತಂತಿಯನ್ನು ತೋಳಿಗೆ, ಸೊಂಟಕ್ಕೆ, ಕಾಲಿಗೆ ಬಿಗಿಯಾಗಿ ಸುತ್ತುವುದು. ಎಷ್ಟು ಬಿಗಿ ಎಂದರೆ ತಂತಿ ಮಾಂಸದೊಳಗೆ ಇಳಿದು ಎರಡೂ ಕಡೆ ಚರ್ಮ ಉಬ್ಬಿ, ದೂರದಿಂದ ಚಿನ್ನವೇ ಕಾಣಿಸದು. ಆಮೇಲೆ ತಂತಿ ತೆಗೆಯುವುದು. ತೋಳಿನ ಸುತ್ತ ಒಂದು ಕೆಂಪು ಗೆರೆ ಉಳಿಯುತ್ತದೆ, ಆ ಗೆರೆಯೇ ಆಭರಣ. ಮೆಲ್ಲಗೆ ಅಂಚು ಮಸುಕಾಗಿ, ಗುಂಡಿ ತುಂಬಿಕೊಂಡು, ಅದೂ ಹೋಗುತ್ತದೆ. ಬಿಗಿ ಕಾಲುಚೀಲ ತೆಗೆದಾಗ ಕಣಕಾಲಿನ ಮೇಲೆ ಉಳಿಯುವ ಪಟ್ಟಿ ನಮಗೆಲ್ಲ ಗೊತ್ತು, ಯಾರೂ ಅದನ್ನು ಒಡವೆ ಎಂದುಕೊಂಡಿರಲಿಲ್ಲ, ಅಷ್ಟೆ. ಇಲ್ಲಿ ಚಿನ್ನ ಉಪಕರಣವಾಯಿತು, ಮೈ ಒಡವೆಯಾಯಿತು. ಇದನ್ನು ಮಾರುವುದು, ಕದಿಯುವುದು, ಅಡವಿಡುವುದು ಯಾವುದೂ ಸಾಧ್ಯವಿಲ್ಲ.

ಇದೆಲ್ಲ ಈಗಿನವರ ಫ್ಯಾಷನ್ ಅಲ್ಲವೇ?

ಲೋಹ ಕರಗಿಸಲು ಕಲಿಯುವ ಎಷ್ಟೋ ಕಾಲ ಮೊದಲೇ ಮನುಷ್ಯ ಒಡವೆ ಹಾಕಿಕೊಂಡಿದ್ದ. ಮೊರಾಕೊದ ಬಿಝ್ಮೂನ್ ಗುಹೆಯಲ್ಲಿ ಸಿಕ್ಕ 33 ಚಿಪ್ಪಿನ ಮಣಿಗಳಿಗೆ 1,42,000ದಿಂದ 1,50,000 ವರ್ಷ ವಯಸ್ಸು. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸಿಕ್ಕವು ಸುಮಾರು 75,000 ವರ್ಷದವು. ಕಡಲೆ ಗಾತ್ರದ ಬಸವನಹುಳುವಿನ ಚಿಪ್ಪುಗಳು, ಒಂದೊಂದಕ್ಕೂ ತೂತು. ಕ್ರೊಯೇಷಿಯಾದ ಕ್ರಾಪಿನಾದಲ್ಲಿ ಸಿಕ್ಕ 8 ಹದ್ದಿನ ಉಗುರುಗಳ ಮೇಲೆ ಕೊಯ್ದ ಗುರುತು, ಉಜ್ಜಿದ ಹೊಳಪು ಎರಡೂ ಇವೆ. ಅವಕ್ಕೆ ಸುಮಾರು 1,30,000 ವರ್ಷ, ಮಾಡಿದವರು ನಿಯಾಂಡರ್ತಾಲರು, ಈಗ ಅಳಿದುಹೋಗಿರುವ ಇನ್ನೊಂದು ಬಗೆಯ ಮಾನವರು.

ಪುರಾತತ್ವದವರು ಈ ಚಿಪ್ಪುಗಳನ್ನು ಮಣಿ ಎಂದು ಒಪ್ಪಿದ್ದು ಬರೀ ತೂತು ನೋಡಿ ಅಲ್ಲ. ತೂತನ್ನು ಅಲೆಯೂ ಕೊರೆಯಬಹುದು, ಏಡಿಯೂ ಕೊರೆಯಬಹುದು. ಸಾಕ್ಷಿ ಹೇಳಿದ್ದು ಸವೆತ. ದಾರದಲ್ಲಿ ಪೋಣಿಸಿದ ಚಿಪ್ಪು ಪಕ್ಕದ ಚಿಪ್ಪಿಗೆ, ದಾರಕ್ಕೆ, ಮೈಗೆ ಉಜ್ಜಿ ಉಜ್ಜಿ ಕೆಲವು ಕಡೆ ನುಣುಪಾಗಿತ್ತು. ಕೆಲವದರ ಮೇಲೆ ಕೆಂಪು ಕಾವಿಯ ಅಂಶವೂ ಉಳಿದಿತ್ತು. ಯಾರೋ ಒಬ್ಬರು ಇದನ್ನು ಬಹಳ ದಿನ ಹಾಕಿಕೊಂಡು ಓಡಾಡಿದ್ದರು ಎಂಬುದಕ್ಕೆ ಅದೇ ಪುರಾವೆ. ತನ್ನ ಕೊರಳನ್ನು ತಾನೇ ನೋಡಿಕೊಳ್ಳಲು ಕನ್ನಡಿಯಿಲ್ಲದ ಕಾಲ ಅದು. ಹಾಗಾದರೆ ಆ ಸರ ಇದ್ದದ್ದು ಯಾರ ಕಣ್ಣಿಗಾಗಿ?

ಚಿನ್ನವಿಲ್ಲ, ಕಲ್ಲಿಲ್ಲ. ಮತ್ತೆ ಬೆಲೆ ಯಾವುದಕ್ಕೆ?

ಈ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನ ಓಟೋ ಕ್ಯೂನ್ಸ್ಲಿ 1980ರಲ್ಲಿ ಒಂದು ಬಳೆಯ ಮೂಲಕವೇ ಉತ್ತರ ಕೊಟ್ಟಿದ್ದಾರೆ. ಕಪ್ಪು ರಬ್ಬರ್ ಕೊಳವೆಯ ಬಳೆ. ಒಂದು ಕಡೆ ಸಣ್ಣ ಉಬ್ಬು. ಉಬ್ಬಿನೊಳಗೆ ಚಿನ್ನದ ಗುಂಡು ಇದೆ ಎನ್ನುತ್ತಾರೆ. ನಂಬಿ ಹಾಕಿಕೊಳ್ಳಬೇಕು, ಇಲ್ಲವೇ ರಬ್ಬರ್ ಕತ್ತರಿಸಿ ನೋಡಬೇಕು. ನೋಡಿದರೆ ಬಳೆ ಉಳಿಯದು. ಕೃತಿಯ ಹೆಸರು ‘ಚಿನ್ನ ಕುರುಡಾಗಿಸುತ್ತದೆ’. ಚಿನ್ನದ ಅರ್ಧ ಕೆಲಸ ಕಾಣಿಸಿಕೊಳ್ಳುವುದು. ಆ ಅರ್ಧವನ್ನು ಕಿತ್ತುಕೊಂಡರೆ ಏನು ಮಿಗುತ್ತದೆ ಎಂಬುದನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಕೇಳಿದ ಇನ್ನೊಂದು ಒಡವೆ ನನಗೆ ಗೊತ್ತಿಲ್ಲ.

ವ್ಯವಹಾರದ ಮಾತು ಬೇಕಾದರೆ: ಬೆಲೆ ಸಮಯಕ್ಕೆ, ಕೈಗೆ, ಯೋಚನೆಗೆ. ನಾಳೆ ಕಷ್ಟ ಬಂದರೆ ಮಾರಿಕೊಳ್ಳಬಹುದು ಎಂಬ ಲೆಕ್ಕದಲ್ಲಿ ಕೊಳ್ಳುವವರು ನೇರವಾಗಿ ಚಿನ್ನವನ್ನೇ ಕೊಳ್ಳಲಿ. ಅದು ತಪ್ಪೇನಲ್ಲ, ಆದರೆ ಅದು ಉಳಿತಾಯ, ಇದು ಬೇರೆ.

ಇಷ್ಟು ದೊಡ್ಡದನ್ನು ಯಾರಾದರೂ ಹಾಕಿಕೊಳ್ಳುತ್ತಾರಾ?

ಹಾಕಿಕೊಳ್ಳುತ್ತಾರೆ. ಗಾಳಿಗೆ ತೂಗುವ ಶಿಲ್ಪಗಳಿಂದ ಹೆಸರಾದ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಜೀವಮಾನದಲ್ಲಿ ಸುಮಾರು 1,800 ಆಭರಣ ಮಾಡಿದರು. ಬೆಸುಗೆ ಹಾಕುವುದೆಂದರೆ ಅವರಿಗೆ ಆಗದು. ಹಿತ್ತಾಳೆ, ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ತಟ್ಟಿ, ಸುರುಳಿ ಸುತ್ತಿ, ಕೊಕ್ಕೆ ಹಾಕಿಯೇ ಕೆಲಸ ಮುಗಿಸುತ್ತಿದ್ದರು. ಅವುಗಳಲ್ಲಿ ಎಷ್ಟೋ ಹೆಂಡತಿ ಲೂಯಿಸಾಗೆ, ಗೆಳೆಯರಿಗೆ ಮಾಡಿಕೊಟ್ಟ ಉಡುಗೊರೆಗಳು. 1940ರ ಸುಮಾರಿನ ಒಂದು ಹಿತ್ತಾಳೆ ಕಂಠಾಭರಣ ಎರಡೂ ಭುಜಗಳ ಮೇಲೆ ಹರಡಿ, ತುದಿಗಳನ್ನು ಹೊರಕ್ಕೆ ಚಾಚಿ ಕೂರುತ್ತದೆ. ಅದನ್ನು ತೊಟ್ಟವರನ್ನು ಹೋಗಿ ತಬ್ಬಿಕೊಳ್ಳುವ ಹಾಗಿಲ್ಲ. ಹೆಸರು: ‘ಹೊಟ್ಟೆಕಿಚ್ಚಿನ ಗಂಡ’.

ನ್ಯೂಯಾರ್ಕಿನ ಆರ್ಟ್ ಸ್ಮಿತ್ (1917–1982) ಇನ್ನೊಂದು ದಾರಿಯಲ್ಲಿ ಅಲ್ಲಿಗೇ ಬಂದವರು. ನೃತ್ಯ ತಂಡಗಳಿಗೆ ಆಭರಣ ಮಾಡುತ್ತ, ವೇದಿಕೆಯ ಮೇಲೆ ದೂರದಿಂದ ಕಾಣಬೇಕು, ನರ್ತಕರ ತೋಳಿಗೆ ಅಡ್ಡ ಬರಬಾರದು ಎಂಬ ಎರಡು ಷರತ್ತುಗಳ ನಡುವೆ ಕೈ ಪಳಗಿಸಿಕೊಂಡರು. ಅವರ ತಾಮ್ರ, ಹಿತ್ತಾಳೆಯ ತೋಳಬಂದಿಗಳು ಮೊಣಕೈವರೆಗೂ ಏರುತ್ತವೆ, ಆದರೂ ಮೈಯನ್ನು ಮುಚ್ಚುವುದಿಲ್ಲ. ತಂತಿಯ ನಡುವೆ ಕಾಣುವ ಚರ್ಮವೂ ವಿನ್ಯಾಸದ ಲೆಕ್ಕಕ್ಕೇ ಸೇರಿದೆ.

ಒಂದು ಒಡವೆ ಇಬ್ಬರನ್ನು ಹೇಗೆ ಬೆಸೆಯುತ್ತದೆ?

ಕ್ಯೂನ್ಸ್ಲಿ ಅವರದೇ ಇನ್ನೊಂದು ಕೃತಿ, ಅದೂ 1980ರದು: ‘ಇಬ್ಬರಿಗೆ ಉಂಗುರ’. ಸ್ಟೀಲಿನ ಎರಡು ಉಂಗುರ, ನಡುವೆ ಒಂದು ನೇರ ಸರಳು. ಇಬ್ಬರೂ ಬೆರಳು ತೂರಿಸಿದರೆ ಹತ್ತಿರವಾಗುತ್ತಾರೆ, ಆದರೆ ಸರಳಿನಷ್ಟು ಅಂತರ ಇದ್ದೇ ಇರುತ್ತದೆ; ಒಬ್ಬರು ಕೈ ಎಳೆದರೆ ಇನ್ನೊಬ್ಬರೂ ಏಳಬೇಕು. ನೋಡಿದ ಕೂಡಲೇ ನಗು ಬರುತ್ತದೆ, ಆಮೇಲೆ ಕ್ರಮೇಣ ನಗು ಕಡಿಮೆಯಾಗುತ್ತದೆ.

ಹಿಂದಿನವರು ಇದನ್ನೇ ಗುಟ್ಟಾಗಿ ಮಾಡುತ್ತಿದ್ದರು. 16 ಮತ್ತು 17ನೇ ಶತಮಾನದ ಯೂರೋಪಿನಲ್ಲಿ ‘ಗಿಮೆಲ್’ ಉಂಗುರಗಳಿದ್ದವು: ಒಂದಕ್ಕೊಂದು ಹೆಣೆದುಕೊಂಡ ಎರಡು ಅಥವಾ ಮೂರು ಸುತ್ತುಗಳು. ಮುಚ್ಚಿದಾಗ ಒಂದೇ ಉಂಗುರ, ಬಿಡಿಸಿದಾಗ ಒಳಗಿನ ಬರಹ ಕಾಣುತ್ತದೆ. ಕೈಗೆ ಕೈ ಹಿಡಿದ ಆಕಾರದ ‘ಫೇಡೆ’ ಉಂಗುರ ರೋಮನ್ನರ ಕಾಲದಿಂದಲೂ ಇದೆ. ‘ಪೋಸಿ’ ಉಂಗುರಗಳಲ್ಲಂತೂ ಪ್ರೀತಿಯ ಸಾಲನ್ನು ಬೆರಳಿಗೆ ತಾಗುವ ಒಳಬದಿಯಲ್ಲಿ ಕೊರೆಯುವ ರೂಢಿ ಬಂತು. ಓದಲು ಯಾರಿಗೂ ಸಿಗದ, ಚರ್ಮಕ್ಕೆ ಮಾತ್ರ ತಾಗುವ ಬರಹ. ವಿನ್ಯಾಸದಲ್ಲಿ ಇದಕ್ಕಿಂತ ಹೆಚ್ಚಿನ ಜಾಣತನ ಕಾಣಸಿಗುವುದು ಕಡಿಮೆ.

1969ರಲ್ಲಿ ಆಲ್ಡೋ ಚಿಪುಲ್ಲೊ ಕಾರ್ಟಿಯೇ ಸಂಸ್ಥೆಗೆ ರೂಪಿಸಿದ ‘ಲವ್’ ಕಡಗವನ್ನೂ ಇಲ್ಲೇ ನೆನೆಯಬೇಕು. ಎರಡು ಹೋಳುಗಳನ್ನು ಮಣಿಕಟ್ಟಿನ ಸುತ್ತ ಇಟ್ಟು ತಿರುಪಿನಿಂದ ಬಿಗಿಯಬೇಕು, ಜೊತೆಗೆ ಸ್ಕ್ರೂಡ್ರೈವರ್ ಕೊಡುತ್ತಾರೆ. ಒಂಟಿ ಕೈಯಲ್ಲಿ ಬಿಗಿಯುವುದು ತ್ರಾಸ. ಇನ್ನೊಬ್ಬರ ಕೈ ಬೇಕೇ ಬೇಕು. ಈಗ ಅದು ಅಂತಸ್ತಿನ ಗುರುತಾಗಿ ಹೋಗಿರುವುದು ಬೇರೆ ಮಾತು, ಆದರೆ ಮೂಲ ಹೊಳಹು ಇರುವುದು ಆ ತಿರುಪಿನಲ್ಲಿ. ಕೊಂಡಿ, ತಿರುಪು, ಬೀಗಗಳನ್ನು ವಿನ್ಯಾಸಕರು ಕೊನೆಗೆ ಯೋಚಿಸುತ್ತಾರೆ. ನನ್ನ ಮಟ್ಟಿಗೆ ಅಲ್ಲಿಂದಲೇ ಶುರು ಮಾಡಬೇಕು. ಸರದ ಕೊಂಡಿ ಕತ್ತಿನ ಹಿಂದೆ ಇರುವುದರಿಂದಲೇ ಅಲ್ಲವೇ ‘ಸ್ವಲ್ಪ ಹಾಕಿಕೊಡು’ ಎಂದು ಇನ್ನೊಬ್ಬರಿಗೆ ಬೆನ್ನು ತಿರುಗಿಸಿ, ಕೂದಲು ಎತ್ತಿ ಹಿಡಿದು ನಿಲ್ಲುವುದು? ದಿನಕ್ಕೊಮ್ಮೆ ಆಗುವ ಆ ಸ್ಪರ್ಶವನ್ನು ಸುಲಭದ ಮ್ಯಾಗ್ನೆಟ್ ಕೊಂಡಿ ಕಿತ್ತುಕೊಳ್ಳುತ್ತದೆ. ಕೀಲುನೋವಿನ ಬೆರಳಿರುವವರಿಗೆ, ಒಂಟಿಯಾಗಿ ಇರುವವರಿಗೆ ಅದೇ ಮ್ಯಾಗ್ನೆಟ್ ವರ ಕೂಡ. ಯಾರಿಗೆ ಮಾಡುತ್ತಿದ್ದೀರಿ ಎಂದು ತಿಳಿಯದೆ ಯಾವುದು ಸರಿ ಎಂದು ಹೇಳಲಾಗದು.

ಸತ್ತವರ ಕೂದಲಿನಿಂದ ಒಡವೆ ಮಾಡುತ್ತಿದ್ದರಂತೆ. ನಿಜವೇ?

ನಿಜ. ಬದುಕಿದ್ದವರ ಕೂದಲಿನಿಂದಲೂ ಮಾಡುತ್ತಿದ್ದರು. ಬ್ರಿಟನ್ನಿನಲ್ಲಿ 1861ರ ಡಿಸೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕೊನೆಯವರೆಗೂ ಕಪ್ಪುಡುಗೆಯಲ್ಲೇ ಇದ್ದಳು. ಶೋಕದ ಆಭರಣಗಳಿಗೆ ಮೊದಲೇ ಇದ್ದ ಬೇಡಿಕೆ ಇನ್ನಷ್ಟು ಏರಿತು. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆದದ್ದು, ಬೇಗ ಕೊಳೆಯದು. ಆದ್ದರಿಂದಲೇ ಒಂದೂವರೆ ಶತಮಾನದ ಹಿಂದಿನ ಪದಕದ ಗಾಜಿನಡಿ ಆ ಕೂದಲು ಇವತ್ತಿಗೂ ಬಣ್ಣ ಉಳಿಸಿಕೊಂಡಿದೆ.

ಕೆಲಸ ನಡೆಯುತ್ತಿದ್ದ ಬಗೆ ನೋಡುವಂಥದ್ದು. ಕೂದಲನ್ನು ಸೋಡಾ ಪುಡಿ ಹಾಕಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದು, ಉದ್ದದ ಪ್ರಕಾರ ಬೇರ್ಪಡಿಸಿ, ಎಳೆಗಳನ್ನು ಎಣಿಸಿ ಗೊಂಚಲು ಕಟ್ಟುತ್ತಿದ್ದರು. ನಡುವೆ ತೂತಿರುವ ದುಂಡು ಮೇಜು. ಗೊಂಚಲುಗಳ ಒಂದು ತುದಿ ಆ ತೂತಿನಲ್ಲಿ ಸೇರಿ ಕೆಳಗೆ ತೂಕ ತೂಗಿಸಿಕೊಂಡಿದ್ದರೆ, ಇನ್ನೊಂದು ತುದಿಗಳು ಮೇಜಿನ ಅಂಚಿನಿಂದ ಸಣ್ಣ ಸೀಸದ ಗುಂಡು ಕಟ್ಟಿಕೊಂಡು ಸುತ್ತಲೂ ಇಳಿಬಿದ್ದಿರುತ್ತಿದ್ದವು. ಎದುರುಬದುರು ಗೊಂಚಲುಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೋದರೆ ನಡುವಿನಲ್ಲಿ ಜಾಲರಿಯಂಥ ಕೊಳವೆ ಹೆಣೆದುಕೊಳ್ಳುತ್ತದೆ. ಅದಕ್ಕೆ ಚಿನ್ನದ ತುದಿ ಕೂರಿಸಿದರೆ ಬಳೆ, ಗಡಿಯಾರದ ಸರಪಳಿ, ಓಲೆ. ನಂಬಿಕೆಯಿಲ್ಲದ ಗಿರಾಕಿಗಳಿಗೆ ಒಂದೇ ಚಿಂತೆ: ಕೊಟ್ಟ ಕೂದಲನ್ನೇ ಹಾಕಿದ್ದಾರೋ, ಬೇರೆ ಯಾರದೋ ಹಾಕಿದ್ದಾರೋ. ಹಾಗಾಗಿ ಎಷ್ಟೋ ಮನೆಗಳಲ್ಲಿ ಹೆಂಗಸರು ತಾವೇ ಕಲಿತು ಹೆಣೆದುಕೊಳ್ಳುತ್ತಿದ್ದರು.

ಕೂದಲಿಗಿಂತ ನಾಜೂಕಿನದು ‘ಪ್ರೇಮಿಯ ಕಣ್ಣು’. 1785ರಲ್ಲಿ ಬ್ರಿಟಿಷ್ ಯುವರಾಜ ಜಾರ್ಜ್ ತನ್ನ ಒಂದು ಕಣ್ಣನ್ನು ಮಾತ್ರ ಚಿಕ್ಕದಾಗಿ ಬರೆಸಿ ಮರಿಯಾ ಫಿಟ್ಸ್‌ಹರ್ಬರ್ಟ್‌ಗೆ ಕಳಿಸಿದ. ಮುಖವಿಲ್ಲದ ಕಣ್ಣು ಯಾರದೆಂದು ಬೇರೆಯವರಿಗೆ ತಿಳಿಯದು, ತಿಳಿಯಬೇಕಾದವರಿಗೆ ತಿಳಿಯುತ್ತದೆ. ಕೆಲವು ದಶಕ ಇದು ಬಹಳ ನಡೆಯಿತು.

ನನ್ನವರ ಬೆರಳಚ್ಚನ್ನು ಒಡವೆಯಲ್ಲಿ ತರಬಹುದೇ? ಹೇಗೆ?

ತರಬಹುದು. ಜರ್ಮನಿಯ ಗೇರ್ಡ್ ರೋಟ್ಮನ್ ಇದನ್ನೇ ದಶಕಗಳ ಕಾಲ ಮಾಡಿದವರು. ಬೆರಳು, ಕಿವಿ, ಮೂಗಿನ ಹೊಳ್ಳೆ, ಹಿಮ್ಮಡಿ, ಎಲ್ಲದರ ಅಚ್ಚು ತೆಗೆದು ಬೆಳ್ಳಿ ಚಿನ್ನದಲ್ಲಿ ಎರಕ ಹೊಯ್ದಿದ್ದಾರೆ. ಅವರ ಬಳೆಗಳಲ್ಲಿ ಬೆರಳ ಗುರುತುಗಳು ಸಾಲಾಗಿ ಒತ್ತಿಕೊಂಡಿರುತ್ತವೆ, ಯಾರೋ ಮಣಿಕಟ್ಟು ಹಿಡಿದುಕೊಂಡ ಹಾಗೆ.

ವಿಧಾನ ಹೀಗೆ. ಹಲ್ಲಿನ ವೈದ್ಯರು ಬಳಸುವ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ, ಚರ್ಮದ ಗೆರೆಗೆರೆಯನ್ನೂ ಹಿಡಿಯುತ್ತದೆ. ಒಣಗುತ್ತ ಅದು ಕುಗ್ಗುವುದರಿಂದ ಅವತ್ತೇ, ಆಗಲೇ ಅದರೊಳಗೆ ಮೇಣ ಹೊಯ್ಯಬೇಕು. ಆ ಮೇಣದ ರೂಪವನ್ನು ಶಾಖ ತಡೆಯುವ ಗಾರೆಯಲ್ಲಿ ಹೂತು, ಕುಲುಮೆಯಲ್ಲಿ ಮೇಣವನ್ನು ಸುಟ್ಟು ಹೊರಗೆ ಕಳಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಲೋಹ ತಣಿಯುತ್ತ ಸ್ವಲ್ಪ ಕುಗ್ಗುತ್ತದೆ. ಅಳತೆ ಕೂತ ಹಾಗೆ ಬೇಕಿದ್ದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ. ಪಾಲಿಶ್ ಮಾಡುವವರಿಗೆ ಮುಂಚಿತವಾಗಿ ಹೇಳಿಡಿ, ಇಲ್ಲದಿದ್ದರೆ ಹೊಳಪಿನ ಉತ್ಸಾಹದಲ್ಲಿ ಗೆರೆಗಳನ್ನೆಲ್ಲ ಅಳಿಸಿ ಕೊಡುತ್ತಾರೆ.

ಒಂದು ಎಚ್ಚರಿಕೆ, ಇದರಲ್ಲಿ ತಮಾಷೆಯಿಲ್ಲ: ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಯಾವತ್ತೂ ಕೈ ಅಥವಾ ಕಾಲು ಮುಳುಗಿಸಬೇಡಿ. ಗಟ್ಟಿಯಾಗುವಾಗ ಅದು ಶಾಖ ಬಿಡುತ್ತದೆ. ದಪ್ಪವಾಗಿದ್ದರೆ ಚರ್ಮ ಸುಡುವಷ್ಟು. ಆ ಹೊತ್ತಿಗೆ ಕೈ ಹೊರಗೆ ಬರದು.

ಬೇರೆಯವರ ಮೈಯ ಅಚ್ಚು, ಕೂದಲು ಬಳಸಲು ಒಪ್ಪಿಗೆ ಬೇಕೇ?

ಬೇಕು. ಬಾಯಿಮಾತಿನ ‘ಆಯ್ತು’ ಸಾಲದು. ಯಾವುದಕ್ಕೆ, ಎಷ್ಟು ಪ್ರತಿ, ಪ್ರದರ್ಶನಕ್ಕೆ ಇಡಬಹುದೇ, ಸಂಬಂಧ ಹಳಸಿದರೆ ಅಚ್ಚು ಯಾರ ಬಳಿ ಇರಬೇಕು, ಇಷ್ಟನ್ನೂ ಮಾತಾಡಿಕೊಂಡು ಬರೆದಿಟ್ಟುಕೊಳ್ಳಿ. ಬೆರಳಚ್ಚು ಈಗ ಫೋನಿನ ಬೀಗವೂ ಹೌದು ಎಂಬುದನ್ನು ಮರೆಯಬೇಡಿ. ತೀರಿಹೋದವರ ವಿಷಯದಲ್ಲಿ ಮನೆಯವರೆಲ್ಲರ ಮನಸ್ಸು ಒಂದೇ ಇರುವುದಿಲ್ಲ. ಒಬ್ಬರಿಗೆ ಸಮಾಧಾನ ತರುವುದು ಇನ್ನೊಬ್ಬರಿಗೆ ನೋಡಲೂ ಆಗದೆ ಹೋಗಬಹುದು. ಅವಸರ ಮಾಡುವ ಕೆಲಸ ಇದಲ್ಲ.

ಕಿವಿ, ಕೊರಳು, ಕೈ ಬಿಟ್ಟು ಬೇರೆ ಜಾಗಗಳಿಲ್ಲವೇ?

ಬ್ರಿಟನ್ನಿನ ನವೋಮಿ ಫಿಲ್ಮರ್ ಆ ಮರೆತ ಜಾಗಗಳನ್ನೇ ಹುಡುಕಿಕೊಂಡು ಹೋದವರು: ಬೆರಳುಗಳ ನಡುವಿನ ಸಂದು, ಕಿವಿಯ ಹಿಂಬದಿ, ಬಾಯಿ. ಅವರು ಮಂಜುಗಡ್ಡೆಯಿಂದಲೂ ಆಭರಣ ಮಾಡಿದ್ದಾರೆ. ಮೈಯ ಬಿಸಿಗೆ ಅದು ಕರಗಿ ಚರ್ಮದ ಮೇಲೆ ಹರಿದು ಹೋಗುತ್ತದೆ. ಒಡವೆ ತೊಟ್ಟವರಿಗೆ ಮೊದಲು ಚಳಿ, ಆಮೇಲೆ ಮರಗಟ್ಟುವಿಕೆ, ಕೊನೆಗೆ ಒದ್ದೆ. ಅಮೆರಿಕದ ಲಾರೆನ್ ಕಾಲ್ಮನ್ 2006ರ ಸುಮಾರಿನಲ್ಲಿ ತುಟಿ, ನಾಲಿಗೆ, ಬಾಯೊಳಗೆ ಕೂರುವ ಚಿನ್ನದ ಲೇಪದ ವಸ್ತುಗಳನ್ನು ಮಾಡಿ ಚಿತ್ರೀಕರಿಸಿದರು. ಬಾಯಿ ಮುಚ್ಚಲಾಗದು, ಜೊಲ್ಲು ಸುರಿಯುತ್ತದೆ, ಚಿನ್ನ ಮಾತ್ರ ಫಳಫಳ. ಅದನ್ನು ನೋಡುವುದು ಹಿತವಲ್ಲ, ಹಿತವಾಗಿರಲೆಂದು ಮಾಡಿದ್ದೂ ಅಲ್ಲ.

ಎಲ್ಲವೂ ಹೀಗೆ ಕಷ್ಟ ಕೊಡಬೇಕೆಂದಿಲ್ಲ. ಡಚ್ ಕಲಾವಿದ ಟೆಡ್ ನೋಟೆನ್ 1998ರಲ್ಲಿ ಜನರಿಗೆ ಚೂಯಿಂಗ್ ಗಮ್ ಕೊಟ್ಟು ‘ನಿಮ್ಮ ಬ್ರೂಚ್ ನೀವೇ ಅಗಿಯಿರಿ’ ಎಂದರು. ಬ್ರೂಚ್ ಎಂದರೆ ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸಿಕೊಳ್ಳುವ ಒಡವೆ. ಅಗಿದು, ಆಕಾರ ಕೊಟ್ಟು ಮರಳಿಸಿದ ಗಮ್ಮನ್ನು ಎರಕ ಹೊಯ್ದು, ಚಿನ್ನದ ಲೇಪ ಕೊಟ್ಟು, ಪಿನ್ನು ಹಾಕಿಸಿದರು. ಹಲ್ಲಿನ ಗುರುತೇ ವಿನ್ಯಾಸ.

ವಿನ್ಯಾಸವನ್ನು ಎಲ್ಲಿಂದ ಶುರು ಮಾಡಬೇಕು?

ಸ್ಕೆಚ್ ಪುಸ್ತಕದಿಂದ ಬೇಡ. ಚಿತ್ರದಲ್ಲಿ ಮೈ ಚಪ್ಪಟೆ. ಕಾಗದ, ಅಂಟುಪಟ್ಟಿ, ಮೆತ್ತನೆಯ ತಂತಿ ತೆಗೆದುಕೊಂಡು ನೇರವಾಗಿ ಮೈಮೇಲೆ ಕಟ್ಟಿ ನೋಡಿ. ಕಾಗದದ ಮಾದರಿಗೆ ಸಣ್ಣ ತೂಕ ಅಂಟಿಸಿ, ನಿಜವಾದ ಒಡವೆಯಷ್ಟೇ ಭಾರ ಮಾಡಿ, ಒಂದು ಇಡೀ ದಿನ ಹಾಕಿಕೊಂಡಿರಿ: ಬಾಗಿಲು ತೆಗೆಯಿರಿ, ಮಗುವನ್ನು ಎತ್ತಿಕೊಳ್ಳಿ, ಜಡೆ ಹಾಕಿಕೊಳ್ಳಿ, ಬಸ್ಸಿನ ಸರಳು ಹಿಡಿದು ನಿಲ್ಲಿ. ಎಲ್ಲಿ ಚುಚ್ಚುತ್ತದೆ, ಯಾವಾಗ ಮರೆತೇ ಹೋಗುತ್ತದೆ, ಬರೆದುಕೊಳ್ಳಿ. ಮರೆತು ಹೋಗುವ ಒಡವೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಕೆಲವನ್ನು ಮರೆಯಲಾಗದಂತೆಯೇ ಮಾಡಬೇಕಾಗುತ್ತದೆ. ಆದರೆ ಅದು ನಿಮ್ಮ ತೀರ್ಮಾನವಾಗಿರಬೇಕು, ಅಕಸ್ಮಾತ್ ಆಗಿರಬಾರದು.

ಮೈಯ ಬಗ್ಗೆ ಗೊತ್ತಿರಲೇಬೇಕಾದ ಕೆಲವು ಸಂಗತಿಗಳಿವೆ. ಮಣಿಕಟ್ಟು ದುಂಡಗಿಲ್ಲ, ಅಂಡಾಕಾರ. ಮೊಟ್ಟೆಯಾಕಾರದ ಕಡಗ ತಿರುಗದೆ ಕೂರುತ್ತದೆ, ದುಂಡನೆಯದು ಗಿರಗಿರನೆ ತಿರುಗುತ್ತದೆ. ಕತ್ತು ನೆಟ್ಟಗಿಲ್ಲ, ಮುಂದಕ್ಕೆ ವಾಲಿದೆ. ಭಾರದ ಸರದ ತೂಕವೆಲ್ಲ ಬೀಳುವುದು ಹಿಂಬದಿಯ ಉಬ್ಬಿದ ಕಶೇರುಮಣಿಯ ಮೇಲೆ, ಆದ್ದರಿಂದ ಅಲ್ಲಿ ಸರ ಅಗಲವಾಗಿರಲಿ. ಬೆರಳಿನ ಗಿಣ್ಣು ಬುಡಕ್ಕಿಂತ ದಪ್ಪ. ಬೆರಳು ಬಿಸಿಲಿಗೆ ಊದುತ್ತದೆ, ಚಳಿಗೆ ಇಳಿಯುತ್ತದೆ. ಅಳತೆಯನ್ನು ಬೇರೆಬೇರೆ ಹೊತ್ತಿನಲ್ಲಿ ತೆಗೆಯಿರಿ. ಅಗಲ ಪಟ್ಟಿಯ ಉಂಗುರಕ್ಕೆ ತೆಳು ಉಂಗುರಕ್ಕಿಂತ ತುಸು ದೊಡ್ಡ ಅಳತೆ ಬೇಕು. ಬ್ರೂಚಿನ ಪಿನ್ನನ್ನು ನಡುವಿಗಿಂತ ಮೇಲೆ ಹಾಕದಿದ್ದರೆ ಅದು ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಓಲೆಯ ಭಾರ ಮುಂದಕ್ಕೆ ಹೋದಷ್ಟೂ ಕಿವಿಯ ತೂತು ಜಗ್ಗುತ್ತದೆ.

ಮತ್ತೆ, ಹಿಂಬದಿ. ಕಾಣದಿರುವ ಹಿಂಬದಿಯೇ ಇಡೀ ದಿನ ಚರ್ಮದ ಜೊತೆ ಇರುವುದು. ಅದನ್ನು ಒರಟಾಗಿ ಬಿಟ್ಟು ಮುಂಬದಿ ಮಾತ್ರ ಹೊಳೆಸಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಚರ್ಮಕ್ಕೆ ತುರಿಕೆ ಬರುತ್ತದೆ, ಹಸಿರಾಗುತ್ತದೆ. ಏಕೆ?

ಇವು ಎರಡು ಬೇರೆ ವಿಷಯ. ಹಸಿರು ಬರುವುದು ತಾಮ್ರದಿಂದ. ಬೆವರಿನ ಜೊತೆ ಸೇರಿ ಲವಣವಾಗಿ ಚರ್ಮಕ್ಕೆ ಹತ್ತುತ್ತದೆ, ತೊಳೆದರೆ ಹೋಗುತ್ತದೆ, ಕೆಡುಕಿಲ್ಲ. ತುರಿಕೆ, ಕೆಂಪು ಗುಳ್ಳೆಗೆ ಬಹುತೇಕ ಸಲ ಕಾರಣ ನಿಕ್ಕಲ್. ಒಮ್ಮೆ ಮೈ ಅದರ ಮೇಲೆ ಮುನಿದುಕೊಂಡರೆ ಸಾಮಾನ್ಯವಾಗಿ ಜೀವನವಿಡೀ ಬಿಡುವುದಿಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಕಾಯ್ದೆಯೇ ಇದೆ: ಚರ್ಮಕ್ಕೆ ಸದಾ ತಾಗಿರುವ ವಸ್ತು ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದು. ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿಗೆ ಮಿತಿ 0.2. ಅನುಮಾನವಿದ್ದರೆ ಟೈಟಾನಿಯಂ ಅಥವಾ ನಯೋಬಿಯಂ ಬಳಸಿ. 92.5 ಭಾಗದ ಬೆಳ್ಳಿಯಲ್ಲಿ ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬಹಳ ಜನಕ್ಕೆ ಒಗ್ಗುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕದಿಂದ. ‘ಮೈಯಲ್ಲಿ ಏನೋ ದೋಷವಿದೆ’ ಎಂದು ಹೆದರಬೇಕಿಲ್ಲ.

ಹಳೆಯ ಒಡವೆ ಕರಗಿಸಿ ಹೊಸದು ಮಾಡಿಸಿದರೆ ನೆನಪು ಉಳಿಯುತ್ತದೆಯೇ?

ಲೋಹದ ಮಟ್ಟಿಗೆ ಹೇಳುವುದಾದರೆ, ಹಳೆಯ ಒಡವೆಯಲ್ಲಿ ಬೆಸುಗೆ ಬಹಳ ಇದ್ದರೆ ಚಿನ್ನದ ಮಟ್ಟ ಇಳಿಯುತ್ತದೆ. ಸೀಸ ಒಂದಿಷ್ಟು ಸೇರಿದರೂ ಚಿನ್ನ ಬಿರುಕು ಬಿಡುತ್ತದೆ. ಶುದ್ಧೀಕರಿಸಿ ಕರಗಿಸುವುದೇ ಸರಿ, ಆದರೆ ಹಾಗೆ ಮಾಡಲು ಕೊಟ್ಟಾಗ ನಿಮ್ಮದೇ ಚಿನ್ನ ನಿಮಗೆ ಬಂತು ಎಂಬ ಖಾತರಿ ಇರದು. ನೆನಪಿನ ಮಟ್ಟಿಗೆ ನೀವೇ ಹೇಳಬೇಕು.

ಇಲ್ಲಿ ಮತ್ತೆ ಕ್ಯೂನ್ಸ್ಲಿ ನೆನಪಾಗುತ್ತಾರೆ. 1985–86ರಲ್ಲಿ ಅವರು ಜನ ತೊಟ್ಟು ಬಿಟ್ಟಿದ್ದ 48 ಚಿನ್ನದ ಮದುವೆ ಉಂಗುರಗಳನ್ನು ಕರಗಿಸದೆ, ಒಂದಕ್ಕೊಂದು ಕೊಂಡಿ ಹಾಕಿ ಸರಪಳಿ ಮಾಡಿದರು. ನೋಡಲು ಸಾದಾ ಚಿನ್ನದ ಸರ. ಹತ್ತಿರ ಹೋದರೆ ಒಂದೊಂದು ಕೊಂಡಿಯೂ ಒಬ್ಬರ ಬೆರಳಿನ ಅಳತೆ, ಒಳಗೆ ಕೊರೆದ ಬರಹ. ಕರಗಿಸಿದ್ದರೆ ಯಾರು ಬೇಕಾದರೂ ಖುಷಿಯಿಂದ ಹಾಕಿಕೊಳ್ಳುತ್ತಿದ್ದರು. ಚಿನ್ನ ಅಷ್ಟೇ, ತೂಕವೂ ಅಷ್ಟೇ. ಕರಗಿಸದ ಈ ಸರವನ್ನು ಕೊರಳಿಗೆ ಹಾಕಿಕೊಳ್ಳಲು ಮಾತ್ರ ಕೈ ಹಿಂಜರಿಯುತ್ತದೆ. ಮುರಿದ ಮದುವೆಗಳು, ಮುಗಿದ ಜೀವಗಳು ಅದರೊಳಗೆ ಎಷ್ಟಿವೆಯೋ.

ಆದ್ದರಿಂದ ಕರಗಿಸುವ ಮೊದಲು ಬೇರೆ ದಾರಿ ನೋಡಿ. ಸವೆದ ಉಂಗುರವನ್ನು ಹಾಗೆಯೇ ಇಟ್ಟು ಹೊಸ ಚೌಕಟ್ಟಿನಲ್ಲಿ ಕೂರಿಸಬಹುದು. ಕೊರೆದ ಬರಹವಿರುವ ತುಂಡನ್ನು ಕತ್ತರಿಸಿ ಉಳಿಸಿಕೊಳ್ಳಬಹುದು. ಯಾರಾದರೂ ಹಳೆಯ ಒಡವೆ ತಂದರೆ ನಾನು ಮೊದಲು ಅದನ್ನು ತೂಗುವುದಿಲ್ಲ. ಯಾರು ಹಾಕಿಕೊಳ್ಳುತ್ತಿದ್ದರು, ಯಾವ ಕೈಗೆ, ಮಾತಾಡುವಾಗ ಅದನ್ನು ತಿರುವುತ್ತಿದ್ದರೋ ಎಂದು ಕೇಳುತ್ತೇನೆ. ಬಂದವರು ಉತ್ತರ ಹೇಳುತ್ತ ಹೇಳುತ್ತ ‘ಇದು ಹೀಗೇ ಇರಲಿ ಬಿಡಿ’ ಎಂದು ಎದ್ದು ಹೋಗುವುದೂ ಉಂಟು. ವ್ಯಾಪಾರಕ್ಕೆ ನಷ್ಟ, ಆದರೂ ಸರಿಯೇ.

ತ್ರೀ-ಡಿ ಪ್ರಿಂಟರ್ ಬಂದ ಮೇಲೆ ಕೈಕೆಲಸ ಬೇಕೇ?

ಎರಡೂ ಬೇಕು. ಸ್ಕ್ಯಾನ್ ಮಾಡಿದ ಮೈಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವ ಆಕಾರವನ್ನು ಪ್ರಿಂಟರ್ ಕೊಡುತ್ತದೆ. ಆದರೆ ಸ್ಕ್ಯಾನ್ ಆಗುವಾಗ ಮನುಷ್ಯ ಅಲುಗಾಡದೆ ನಿಂತಿರುತ್ತಾನೆ. ಉಳಿದದ್ದನ್ನು ಕೈ ಸರಿಪಡಿಸಬೇಕು.

ಇಂಥ ಕೆಲಸ ಎಲ್ಲಿ ನೋಡಬಹುದು?

ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ ಆಭರಣಕ್ಕೇ ಮೀಸಲಾದ ಮ್ಯೂಸಿಯಂ ಇದೆ, ಅಲ್ಲಿ 5,000 ವರ್ಷಗಳ ಒಡವೆಗಳಿವೆ. ಮ್ಯೂನಿಕ್‌ನಲ್ಲಿ 1959ರಿಂದ ‘ಶ್ಮುಕ್’ ಎಂಬ ವಾರ್ಷಿಕ ಪ್ರದರ್ಶನ ನಡೆದುಕೊಂಡು ಬಂದಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್, ಅಮೆರಿಕದ ಹ್ಯೂಸ್ಟನ್ ಲಲಿತಕಲಾ ಮ್ಯೂಸಿಯಂಗಳಲ್ಲಿ ಒಳ್ಳೆಯ ಸಂಗ್ರಹಗಳಿವೆ. ಹಲವು ಸಂಗ್ರಹಗಳನ್ನು ಮನೆಯಿಂದಲೇ ಫೋಟೋಗಳಲ್ಲಿ ನೋಡಬಹುದು. ಆದರೆ ಗಾಜಿನೊಳಗೆ ಒಡವೆ ಒಂಟಿ. ಹಾಕಿಕೊಂಡವರ ಫೋಟೋ ಪಕ್ಕದಲ್ಲಿ ಇಟ್ಟಿದ್ದರೆ ಅದನ್ನೇ ಹೆಚ್ಚು ಹೊತ್ತು ನೋಡಿ. ಬ್ರಿಟನ್ನಿನ ಮಾ ರಾನಾ ಅವರ ಒಂದು ಯೋಜನೆ ಈ ಕೊರತೆಯನ್ನೇ ತುಂಬುತ್ತದೆ: ಸಾಮಾನ್ಯ ಜನ ತಾವು ತೊಟ್ಟ ಒಡವೆಯ ಜೊತೆ ಫೋಟೋ ತೆಗೆಸಿಕೊಂಡು, ಅದು ತಮಗೆ ಏಕೆ ಬೇಕು ಎಂದು ತಮ್ಮದೇ ಮಾತಿನಲ್ಲಿ ಬರೆಯುತ್ತಾರೆ. ಅಗ್ಗದ ಒಡವೆಯ ಕೆಳಗೂ ಉದ್ದನೆಯ ಬರಹ ಇರುವುದುಂಟು.

ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿದೆ. ಏನು ಮಾಡಲಿ?

ಎಳೆಯಬೇಡಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ ತಿರುಗಿಸುತ್ತ ತೆಗೆಯಿರಿ. ಬಾರದಿದ್ದರೆ ಗಟ್ಟಿ ದಾರದ ತುದಿಯನ್ನು ಉಂಗುರದಡಿ ತೂರಿಸಿ, ಉಳಿದ ದಾರವನ್ನು ಗಿಣ್ಣಿನವರೆಗೂ ಒತ್ತೊತ್ತಾಗಿ ಸುತ್ತಿ, ಬುಡದ ತುದಿಯಿಂದ ಬಿಚ್ಚುತ್ತ ಬಂದರೆ ಉಂಗುರ ದಾರದ ಜೊತೆ ಮೇಲಕ್ಕೆ ಬರುತ್ತದೆ. ಬೆರಳು ನೀಲಿಗಟ್ಟಿದ್ದರೆ, ಮರಗಟ್ಟಿದ್ದರೆ ಈ ಪ್ರಯೋಗಗಳನ್ನೆಲ್ಲ ಬಿಟ್ಟು ಆಸ್ಪತ್ರೆಗೆ ಹೋಗಿ. ಚಿನ್ನ, ಬೆಳ್ಳಿಯನ್ನು ಸುಲಭವಾಗಿ ಕತ್ತರಿಸುತ್ತಾರೆ, ಟೈಟಾನಿಯಂಗೆ ಗಟ್ಟಿ ಅಲಗು ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಕತ್ತರಿಸಲು ಬರುವುದಿಲ್ಲ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಬಿಗಿದು ಒಡೆಯಬೇಕು. ಉಂಗುರ ಯಾವ ಲೋಹದ್ದೆಂದು ಅವರಿಗೆ ಮೊದಲೇ ಹೇಳಿ. ಯಂತ್ರಗಳ ಹತ್ತಿರ ಕೆಲಸ ಮಾಡುವವರು, ಗೋಡೆ ಹತ್ತಿ ಹಾರುವವರು ಉಂಗುರ ತೆಗೆದಿಟ್ಟೇ ಹೋಗಬೇಕು. ಕೊಕ್ಕೆಗೆ ಸಿಕ್ಕ ಉಂಗುರ ಬೆರಳಿನ ಚರ್ಮವನ್ನೇ ಸುಲಿದುಬಿಡುತ್ತದೆ. ಕತ್ತರಿಸಿದ ಉಂಗುರವನ್ನು ಬಿಸಾಡಬೇಡಿ, ಬಹುತೇಕ ಸಲ ಬೆಸೆದು ಅಳತೆ ಹೆಚ್ಚಿಸಿ ಕೊಡಲು ಆಗುತ್ತದೆ.